ಡಿಸ್ಕೋ ಕಾಲದ ಬಪ್ಪಿ ಲಾಹಿರಿ ಮತ್ತು ಹೆಸರು ಹೇಳುವ ಪ್ರಶ್ನೆ

ನಮ್ಮ ಕೋಪರಖೈರಣೆಯಲ್ಲಿ ‘ಡಿಜೆ’ ಎಂಬ ಮಾತಿಗೆ ಈಗ ಮನುಷ್ಯನೆಂಬ ಅರ್ಥವೇ ಉಳಿದಿಲ್ಲ. ಗಣಪತಿ ವಿಸರ್ಜನೆಗೋ ದಹಿಹಂಡಿಗೋ ಮದುವೆಯ ಮೆರವಣಿಗೆಗೋ ‘ಡಿಜೆ ತರಿಸಿದ್ದಾರೆ’ ಎಂದರೆ ಟೆಂಪೋದ ಮೇಲೆ ಆಳೆತ್ತರ ಪೇರಿಸಿದ ಸ್ಪೀಕರು ಪೆಟ್ಟಿಗೆಗಳು ಬಂದಿವೆ ಎಂದರ್ಥ. ಆ ಪೆಟ್ಟಿಗೆಗಳ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕುಳಿತ ಹುಡುಗನೊಬ್ಬ ಇದ್ದಾನೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಅವನಿಗೂ ಮೊದಲು ಈ ಬೀದಿಗಳ ಮೆರವಣಿಗೆಯಲ್ಲಿ ನುಡಿಸುತ್ತಿದ್ದ ಬ್ಯಾಂಜೋ ಪಾರ್ಟಿಗಳಲ್ಲಿ ನುಡಿಸುವವರ ಮುಖವಾದರೂ ಕಾಣುತ್ತಿತ್ತು. ಈಗ ಸದ್ದು ದೊಡ್ಡದಾಗಿದೆ, ಸದ್ದು ಮಾಡುವವನು ಮರೆಯಾಗಿದ್ದಾನೆ.

ಮೂಲದಲ್ಲಿ ಈ ಮಾತು ಹಾಗಿರಲಿಲ್ಲ. ಡಿಸ್ಕ್ ಜಾಕಿ ಎಂದರೆ ಗ್ರಾಮಫೋನ್ ತಟ್ಟೆಗಳನ್ನು ಆರಿಸಿ ನುಡಿಸುವವನು. ನೃತ್ಯಶಾಲೆಯ ಡಿಜೆಯ ಮುಂದೆ ಎರಡು ತಿರುಗುಮಣೆಗಳಿರುತ್ತಿದ್ದವು. ಒಂದರ ಹಾಡು ಮುಗಿಯುವ ಮೊದಲೇ ಇನ್ನೊಂದರ ಲಯವನ್ನು ಅದಕ್ಕೆ ಸರಿಹೊಂದಿಸಿ, ಕುಣಿಯುವವರ ಹೆಜ್ಜೆ ತಪ್ಪದಂತೆ ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಅವನ ಕೌಶಲ. ಹೊಸದನ್ನು ಅವನು ಸೃಷ್ಟಿಸುವುದಿಲ್ಲ, ಆರಿಸುತ್ತಾನೆ, ಜೋಡಿಸುತ್ತಾನೆ. ಈ ಎರಡು ಕೆಲಸಗಳನ್ನು ನಮ್ಮ ದೇಶದ ಕೋಟ್ಯಂತರ ಜನರಿಗಾಗಿ ಮಾಡಿಕೊಟ್ಟವರು ಬಪ್ಪಿ ಲಾಹಿರಿ. ವೃತ್ತಿಯಿಂದ ಅವರು ಡಿಜೆ ಅಲ್ಲ, ಸಿನಿಮಾ ಸಂಗೀತ ನಿರ್ದೇಶಕರು. ಆದರೆ ಆ ಕಾಲದ ಮುಂಬಯಿಯಲ್ಲಿ ನಿಜವಾದ ಡಿಸ್ಕೋಥೆಕ್ ಎಂದರೆ ಮರೀನ್ ಡ್ರೈವ್‌ನ ‘ಸ್ಟುಡಿಯೋ 29’ರಂತಹ, ಉಳ್ಳವರು ಮಾತ್ರ ಒಳಹೋಗಬಲ್ಲ ಸ್ಥಳ. ಫೋರ್ಟಿನ ಹೋಟೆಲಿನಲ್ಲಿ ಹಗಲೆಲ್ಲ ತಟ್ಟೆ ಎತ್ತಿ ಸಂಜೆ ರಾತ್ರಿ ಶಾಲೆಗೆ ಹೋಗುತ್ತಿದ್ದ ನಮ್ಮ ಊರಿನ ಹುಡುಗನಿಗೆ ಅದರ ಬಾಗಿಲು ಕಂಡಿರಲಿಕ್ಕೂ ಸಾಧ್ಯವಿಲ್ಲ. ಅವನಿಗೆ ಡಿಸ್ಕೋ ತಲುಪಿದ್ದು ಸಿನಿಮಾ ಟಾಕೀಸಿನಿಂದ, ಪಾನ್ ಅಂಗಡಿಯ ಟೇಪ್‌ರೆಕಾರ್ಡರಿನಿಂದ, ಚಾಳಿನ ಗಣೇಶೋತ್ಸವದ ಆರ್ಕೆಸ್ಟ್ರಾದಿಂದ. ಆ ಲೆಕ್ಕದಲ್ಲಿ ನಮ್ಮ ಪಾಲಿನ ಡಿಜೆ ಬಪ್ಪಿಯೇ.

ಬಪ್ಪಿಯವರು 2022ರ ಫೆಬ್ರವರಿ 15ರಂದು ಮುಂಬಯಿಯಲ್ಲಿ ತೀರಿಕೊಂಡರು. ವಯಸ್ಸು 69. ಅದಕ್ಕೆ ಒಂಬತ್ತು ದಿನ ಮೊದಲು, ಫೆಬ್ರವರಿ 6ರಂದು, ಲತಾ ಮಂಗೇಶ್ಕರ್ ತೀರಿಕೊಂಡಿದ್ದರು. ಲತಾ ಅವರಿಗೆ ದೇಶವೇ ತಲೆಬಾಗಿತು, ಅದು ಯೋಗ್ಯವೇ. ಬಪ್ಪಿಯವರಿಗೆ ಬಂದ ಶ್ರದ್ಧಾಂಜಲಿ ಲೇಖನಗಳನ್ನು ಈಗ ತೆಗೆದು ಓದಿದರೆ ಮಾತ್ರ ಅವುಗಳಲ್ಲಿ ಮೂರೇ ವಸ್ತು ಕಾಣುತ್ತವೆ: ಕೊರಳ ಚಿನ್ನದ ಸರಗಳು, ಕಪ್ಪು ಕನ್ನಡಕ, ‘ಡಿಸ್ಕೋ ಕಿಂಗ್’ ಎಂಬ ಬಿರುದು. ಸತ್ತವನ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ಸಂಪ್ರದಾಯ ನಮ್ಮಲ್ಲಿದೆ. ಆದರೆ ಒಳ್ಳೆಯ ಮಾತಿನ ಹೆಸರಿನಲ್ಲಿ ಒಬ್ಬ ಕಲಾವಿದನನ್ನು ಆಭರಣದಂಗಡಿಯ ಗೊಂಬೆ ಮಾಡಿ ಕಳುಹಿಸಿಕೊಡುವುದು ಗೌರವವಲ್ಲ. ಅವರ ಕೆಲಸವನ್ನು ತೂಗಿ ನೋಡುವುದೇ ಗೌರವವೆಂದು ನಾವು ತಿಳಿಯುತ್ತೇವೆ. ತೂಕಕ್ಕೆ ಮೂರು ಬಟ್ಟುಗಳನ್ನು ಇಟ್ಟುಕೊಳ್ಳೋಣ. ಡಿಜೆ ಏನನ್ನು ಆರಿಸಿದ? ಹೇಗೆ ಜೋಡಿಸಿದ? ತಟ್ಟೆಯ ಮೇಲಿನ ಹೆಸರನ್ನು ಸಭೆಗೆ ಹೇಳಿದನೆ?

ಮೊದಲು ಡಿಸ್ಕೋ ನಮ್ಮಲ್ಲಿಗೆ ಬಂದ ಬಗೆ. ಅಮೆರಿಕದಲ್ಲಿ ಅದು ಹುಟ್ಟಿದ್ದು ಕರಿಯರು, ಲ್ಯಾಟಿನ್ ಮೂಲದವರು, ಸಲಿಂಗಿಗಳು ಮುಂತಾಗಿ ಸಮಾಜ ಹೊರಗಿಟ್ಟ ಜನ ಸೇರುತ್ತಿದ್ದ ನ್ಯೂಯಾರ್ಕಿನ ನೃತ್ಯಶಾಲೆಗಳಲ್ಲಿ. 1977ರ ‘ಸ್ಯಾಟರ್‌ಡೇ ನೈಟ್ ಫೀವರ್’ ಚಿತ್ರ ಅದನ್ನು ಎಲ್ಲರ ಮನೆಗೆ ಒಯ್ದಿತು. ಎರಡೇ ವರ್ಷಕ್ಕೆ, 1979ರ ಜುಲೈ 12ರಂದು, ಶಿಕಾಗೋದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಅಲ್ಲಿ ಡಿಸ್ಕೋ ಸತ್ತಿತೆಂದು ಸಾರಿದ ಮರುವರ್ಷವೇ ಇಲ್ಲಿ ಅದಕ್ಕೆ ನಾಮಕರಣವಾಯಿತು. 1980ರ ‘ಕುರ್ಬಾನಿ’ ಚಿತ್ರಕ್ಕಾಗಿ ಹದಿನೈದರ ಹುಡುಗಿ ನಾಜಿಯಾ ಹಸನ್ ಹಾಡಿದ ಒಂದು ಹಾಡು ದೇಶವನ್ನೇ ಕುಣಿಸಿತು. ಅದಕ್ಕೆ ರಾಗ ಕೂಡಿಸಿದವರು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ, ಕೊಡವ ಮನೆತನದ ಬಿದ್ದು ಅಪ್ಪಯ್ಯ. ಬೆಂಗಳೂರಿನ ‘ಟ್ರೋಜನ್ಸ್’ ಎಂಬ ವಾದ್ಯತಂಡದಲ್ಲಿ ಗಿಟಾರ್ ನುಡಿಸಿ, ಲಂಡನ್ನಿಗೆ ಹೋಗಿ, 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಹಾಡಿನಿಂದ ಲೋಕಪ್ರಸಿದ್ಧರಾದವರು. ಡಿಸ್ಕೋ ಎಂದರೆ ನಮಗೆ ಸಂಬಂಧವಿಲ್ಲದ ವಸ್ತುವೆಂದು ಮೂಗು ಮುರಿಯುವ ಕನ್ನಡಿಗರು ಈ ಒಂದು ಹೆಸರನ್ನಾದರೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಬಿದ್ದು ತಂದ ಬೀಜವನ್ನು ಗದ್ದೆ ತುಂಬ ಬಿತ್ತಿದವರು ಬಪ್ಪಿ. 1952ರ ನವೆಂಬರ್ 27ರಂದು ಉತ್ತರ ಬಂಗಾಳದ ಜಲ್ಪಾಯಿಗುಡಿಯಲ್ಲಿ ಹುಟ್ಟಿದ ಅಲೋಕೇಶ್ ಲಾಹಿರಿ, ಸಂಗೀತಗಾರರಾದ ತಂದೆ ಅಪರೇಶ್ ಮತ್ತು ತಾಯಿ ಬಾಂಸುರಿಯವರ ಒಬ್ಬನೇ ಮಗ. ತಬಲಾದಿಂದ ಕೈ ಪಳಗಿತು. ಮುಂಬಯಿಗೆ ಬಂದು 1975ರ ‘ಜಖ್ಮೀ’, 1976ರ ‘ಚಲ್ತೇ ಚಲ್ತೇ’ ಚಿತ್ರಗಳಿಂದ ಹೆಸರು ಮಾಡಿದರು. ಆಗಿನ್ನೂ ಡಿಸ್ಕೋ ಇಲ್ಲ, ಚಿನ್ನವೂ ಇಷ್ಟಿರಲಿಲ್ಲ. ಹೊರನಾಡಿನಿಂದ ಬಂದು ಈ ನಗರದಲ್ಲಿ ಜಾಗ ಹುಡುಕಿಕೊಂಡವರು ಅವರೂ ನಾವೂ. ಈ ಸಾಮ್ಯವನ್ನು ಹೆಚ್ಚು ಎಳೆಯಬೇಕಿಲ್ಲ, ಆದರೆ ಮರೆಯಲೂ ಬೇಕಿಲ್ಲ.

ಡಿಸ್ಕೋ ಲಯದ ಗುಟ್ಟೇನು? ಬಿ.ಎಸ್ಸಿ. ಮಾಡಿಕೊಂಡ ನಮ್ಮಂಥವರಿಗೆ ಅದನ್ನು ಲೆಕ್ಕದಲ್ಲಿ ಹೇಳುವ ಚಪಲ. ನಿಮಿಷಕ್ಕೆ ಸುಮಾರು 120 ಪೆಟ್ಟು, ಅಂದರೆ ಸೆಕೆಂಡಿಗೆ ಎರಡು. ಸುಮ್ಮನೆ ಕುಳಿತ ಮನುಷ್ಯನ ಎದೆಬಡಿತ ನಿಮಿಷಕ್ಕೆ ಸುಮಾರು 72. ಬಿರುಸಾಗಿ ನಡೆವವನ ಹೆಜ್ಜೆ ಹೆಚ್ಚು ಕಡಿಮೆ ಆ 120ರ ಹತ್ತಿರ ಬರುತ್ತದೆ. ಇನ್ನೊಂದು ಸಂಗತಿ: ನಾಲ್ಕು ಮಾತ್ರೆಗಳ ಆವರ್ತದಲ್ಲಿ ನಾಲ್ಕಕ್ಕೂ ದೊಡ್ಡ ಡ್ರಮ್ಮಿನ ಸಮನಾದ ಪೆಟ್ಟು ಬೀಳುತ್ತದೆ. ನಮ್ಮ ತಾಳಗಳಲ್ಲಿ ಹಾಗಲ್ಲ; ಪೆಟ್ಟು, ಹುಸಿ, ಬೆರಳೆಣಿಕೆ ಎಂಬ ಭೇದಗಳಿವೆ. ಯಕ್ಷಗಾನದ ಚೆಂಡೆ ಮದ್ದಳೆಗೆ ಹೆಜ್ಜೆ ಹಾಕಬೇಕಾದರೆ ವರ್ಷಗಟ್ಟಲೆ ಅಭ್ಯಾಸ ಬೇಕು. ಡಿಸ್ಕೋದಲ್ಲಿ ಎಲ್ಲಿ ಕಾಲಿಟ್ಟರೂ ಅಲ್ಲೊಂದು ಪೆಟ್ಟು ಇದ್ದೇ ಇರುತ್ತದೆ. ತಾಳ ತಪ್ಪುವುದೇ ಕಷ್ಟ. ಇದು ಅದರ ಔದಾರ್ಯ, ಇದೇ ಅದರ ಬಡತನ. ಕುಣಿಯಲು ಬಾರದವನನ್ನೂ ಕರೆದುಕೊಳ್ಳುತ್ತದೆ, ಬಲ್ಲವನಿಗೆ ಹೆಚ್ಚಿನದೇನನ್ನೂ ಕೊಡುವುದಿಲ್ಲ. ಬಪ್ಪಿ ಈ ಲಯವನ್ನು ಆರಿಸಿದ್ದು ಸಿನಿಮಾ ನೋಡುವ ಸಾಮಾನ್ಯ ಜನರ ಕಾಲುಗಳನ್ನು ಬಲ್ಲ ಮನುಷ್ಯನ ಆಯ್ಕೆ. ಮೊದಲ ಬಟ್ಟಿನಲ್ಲಿ ಅವರು ಗೆದ್ದರೆಂದೇ ನಮ್ಮ ತೀರ್ಮಾನ.

ಎರಡನೆಯದು ಜೋಡಣೆ. 1982ರ ಡಿಸೆಂಬರಿನಲ್ಲಿ ತೆರೆಕಂಡ ‘ಡಿಸ್ಕೋ ಡಾನ್ಸರ್’ ಅದಕ್ಕೆ ಒಳ್ಳೆಯ ಉದಾಹರಣೆ. ಬಬ್ಬರ್ ಸುಭಾಷ್ ನಿರ್ದೇಶಿಸಿದ, ಮಿಥುನ್ ಚಕ್ರವರ್ತಿ ಕುಣಿದ ಈ ಚಿತ್ರದ ಕತೆ ಪರದೇಶದ್ದಲ್ಲ, ನಮ್ಮದೇ ಹಳೆಯ ಕತೆ. ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆಯುವ ಬಡ ಹುಡುಗನ ಮೇಲೆ ಶ್ರೀಮಂತನೊಬ್ಬ ಗಿಟಾರ್ ಕದ್ದನೆಂಬ ಸುಳ್ಳು ಆರೋಪ ಹೊರಿಸುತ್ತಾನೆ. ತಾಯಿ ಜೈಲಿಗೆ ಹೋಗುತ್ತಾಳೆ. ಹುಡುಗ ಬೆಳೆದು ‘ಜಿಮ್ಮಿ’ಯಾಗಿ ಡಿಸ್ಕೋ ವೇದಿಕೆಯ ದೊರೆಯಾಗುತ್ತಾನೆ. ತಾಯಿಯ ಕಣ್ಣೀರು, ಬಡವನ ಮಾನ, ಸೇಡು ಎಲ್ಲವೂ ಇವೆ, ಬೆಳಕು ಮಾತ್ರ ಡಿಸ್ಕೋದ್ದು. ಬಪ್ಪಿಯ ಸಂಗೀತವೂ ಹಾಗೆಯೇ. ಕೆಳಗೆ ಡ್ರಮ್ಮು, ಸಿಂಥಸೈಜರು. ಮೇಲೆ ಅಂಜಾನ್ ಬರೆದ ಸರಳ ಹಿಂದಿ ಮಾತು, ಹಾಡುವವರು ವಿಜಯ್ ಬೆನೆಡಿಕ್ಟ್, ಪಾರ್ವತಿ ಖಾನ್, ಉಷಾ ಉತ್ತುಪ್, ಕೆಲವೊಮ್ಮೆ ಸ್ವತಃ ಬಪ್ಪಿ. ಒಳಗೆ ಹೋಗಲಾರದವನು ಒಳಗೆ ಹೋಗಿ ನಡುವೆ ನಿಂತು ಕುಣಿಯುವ ಈ ಚಿತ್ರವನ್ನು ಸೋವಿಯತ್ ಒಕ್ಕೂಟದ ಜನರೂ ತಮ್ಮದೆಂದುಕೊಂಡರು. ‘ಮದ್ರಾಸಿ’ ಎಂಬ ಒಂದೇ ಮಾತಿನಿಂದ ಮಂಗಳೂರಿನವನನ್ನೂ ಧಾರವಾಡದವನನ್ನೂ ಕಲಬುರ್ಗಿಯವನನ್ನೂ ಕರೆಯುತ್ತಿದ್ದ ನಗರದಲ್ಲಿ, ಅರವತ್ತರ ದಶಕದ ಕೊನೆಯಲ್ಲಿ ಲುಂಗಿಯವರನ್ನು ಓಡಿಸಿರೆಂಬ ಘೋಷಣೆ ಕೇಳಿದ ತಲೆಮಾರಿನ ಮಕ್ಕಳಿಗೂ ಆ ಜಿಮ್ಮಿ ಬಂಧುವಿನಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಬಪ್ಪಿ ಎಂದರೆ ಬರಿಯ ಡಿಸ್ಕೋ ಎಂದುಕೊಂಡವರು 1985ರ ‘ಐತ್‌ಬಾರ್’ ಚಿತ್ರದ ಗಜಲನ್ನು ಒಮ್ಮೆ ಕೇಳಬೇಕು. ಭೂಪಿಂದರ್ ಮತ್ತು ಆಶಾ ಭೋಸ್ಲೆಯವರ ಕಂಠಕ್ಕೆ ಅಡ್ಡಬಾರದಂತೆ ವಾದ್ಯಗಳು ಹಿಂದೆ ಸರಿದು ನಿಂತಿರುವ ರೀತಿ ನೋಡಿದರೆ, ಸುಮ್ಮನಿರುವುದೂ ಇವರಿಗೆ ಬರುತ್ತಿತ್ತೆಂದು ಗೊತ್ತಾಗುತ್ತದೆ. 1984ರ ‘ಶರಾಬಿ’ಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದದ್ದೂ ಡಿಸ್ಕೋಗಾಗಿ ಅಲ್ಲ. ಮತ್ತೆ ಏಕೆ ಈ ಬಪ್ಪಿ ಮರೆಯಾದರು? ಉತ್ತರ ಲೆಕ್ಕದಲ್ಲೇ ಇದೆ. 1986 ಒಂದೇ ವರ್ಷದಲ್ಲಿ 33 ಚಿತ್ರಗಳಿಗಾಗಿ ಅವರು 180ಕ್ಕೂ ಹೆಚ್ಚು ಹಾಡುಗಳನ್ನು ಮುದ್ರಿಸಿದರೆಂದು ದಾಖಲೆಯ ಹೆಮ್ಮೆಯಿಂದ ಹೇಳಲಾಗುತ್ತದೆ. ಸರಾಸರಿ ಎರಡು ದಿನಕ್ಕೊಂದು ಹಾಡು. ಎರಡು ದಿನಕ್ಕೊಂದು ಕಡತ ವಿಲೇವಾರಿ ಮಾಡುವ ಗುಮಾಸ್ತನನ್ನು ಮೇಲಧಿಕಾರಿಗಳು ಮೆಚ್ಚಬಹುದು, ಆದರೆ ಹಾಡು ಕಡತವಲ್ಲ. ಆ ವರ್ಷಗಳ ಎಷ್ಟೋ ಹಾಡುಗಳು ಒಂದರ ನಕಲು ಇನ್ನೊಂದು ಎಂಬಂತಿವೆ. ಈ ದೋಷವನ್ನು ಶ್ರದ್ಧಾಂಜಲಿಗಳು ಸಾಧನೆಯ ಪಟ್ಟಿಗೆ ಸೇರಿಸಿಬಿಟ್ಟವು.

ಆ 1986ರಲ್ಲೇ ಅವರು ಕನ್ನಡಕ್ಕೂ ಬಂದರು. ದ್ವಾರಕೀಶರು ಆಫ್ರಿಕಾದವರೆಗೆ ಕ್ಯಾಮೆರಾ ಹೊತ್ತೊಯ್ದು ತೆಗೆದ, ಚರಣ್‌ರಾಜ್ ನಟಿಸಿದ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಸಂಗೀತ ಬಪ್ಪಿಯವರದು. ಮರುವರ್ಷ ದ್ವಾರಕೀಶರೇ ವಿನೋದ್‌ರಾಜ್‌ರನ್ನು ‘ಡಾನ್ಸ್ ರಾಜಾ ಡಾನ್ಸ್’ನಲ್ಲಿ ಕುಣಿಸಿದರು, ಅದರ ಸಂಗೀತ ವಿಜಯಾನಂದರದು. ಕನ್ನಡ ಸಿನಿಮಾ ಡಿಸ್ಕೋವನ್ನು ಹೊರಗಿನ ಕಾಯಿಲೆ ಎಂದು ದೂರವಿಡದೆ ಅಂಗಳಕ್ಕೆ ಕರೆದುಕೊಂಡಿತೆಂಬುದಕ್ಕೆ ಇವೆರಡು ಸಾಕ್ಷಿ. 2024ರ ಏಪ್ರಿಲಿನಲ್ಲಿ ದ್ವಾರಕೀಶರು ತೀರಿಕೊಂಡಾಗ ಈ ಸಾಹಸವನ್ನು ನೆನೆದವರೂ ಶೀಲೆಯನ್ನು ನೆನೆದರು, ಆಫ್ರಿಕಾವನ್ನು ನೆನೆದರು, ಬಪ್ಪಿಯ ಹೆಸರನ್ನು ಹೆಚ್ಚಾಗಿ ಬಿಟ್ಟರು.

ಇನ್ನು ಮೂರನೆಯ ಬಟ್ಟು, ಅತ್ಯಂತ ಭಾರವಾದದ್ದು. ತಟ್ಟೆಯ ಮೇಲಿನ ಹೆಸರು. ‘ಹರಿ ಓಂ ಹರಿ’ ಎಂದು ನಾವು ಕುಣಿದ 1980ರ ಹಾಡಿನ ರಾಗ ಬಂದದ್ದು ‘ಇರಪ್ಶನ್’ ತಂಡ ಹಾಡಿದ ‘ಒನ್ ವೇ ಟಿಕೆಟ್’ನಿಂದ, ಆ ತಂಡಕ್ಕೂ ಮೊದಲು, 1959ರಲ್ಲೇ, ನೀಲ್ ಸೆಡಾಕಾ ಅದನ್ನು ಹಾಡಿದ್ದರು. ‘ಡಿಸ್ಕೋ ಡಾನ್ಸರ್’ ಚಿತ್ರದ ಒಂದು ಹಾಡು ‘ಬಗಲ್ಸ್’ ತಂಡದ 1979ರ ಪ್ರಸಿದ್ಧ ಗೀತೆಯದು. ‘ಜಿಮ್ಮಿ ಜಿಮ್ಮಿ’ ಫ್ರಾನ್ಸಿನ ‘ಒಟ್ಟಾವನ್’ ಜೋಡಿಯ 1980ರ ಹಾಡಿನ ಮೇಲೆ ನಿಂತದ್ದು. ನಮ್ಮ ಚಿತ್ರಗಳ ಹೆಸರುಪಟ್ಟಿಯಲ್ಲಿ ಈ ಮೂಲಗಳಿಗೆ ಜಾಗ ಸಿಗಲಿಲ್ಲ. ‘ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು’ ಎಂದು ಅಭಿಮಾನಿಗಳು ಹೇಳುತ್ತಾರೆ. ಮಾತು ನಿಜ. ಬಪ್ಪಿಯೊಬ್ಬರನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಆದರೆ ಎಲ್ಲರೂ ಮಾಡುತ್ತಿದ್ದರೆಂಬುದು ವಿವರಣೆಯಾದೀತೇ ಹೊರತು ಸಮರ್ಥನೆಯಾಗದು.

ಇದನ್ನು ಸ್ವತಃ ಬಪ್ಪಿಯವರೇ ಸಿದ್ಧಮಾಡಿ ತೋರಿಸಿದರು. 1981ರ ‘ಜ್ಯೋತಿ’ ಚಿತ್ರಕ್ಕಾಗಿ ಲತಾ ಅವರಿಂದ ಅವರು ಹಾಡಿಸಿದ್ದ ಹಾಡೊಂದರ ತುಣುಕನ್ನು 2002ರಲ್ಲಿ ಅಮೆರಿಕದ ‘ಅಡಿಕ್ಟಿವ್’ ಎಂಬ ಹಾಡಿನಲ್ಲಿ ಕೇಳದೆ ಬಳಸಿಕೊಂಡರು. ಬಪ್ಪಿ ಅಲ್ಲಿನ ನ್ಯಾಯಾಲಯದ ಮೆಟ್ಟಿಲೇರಿದರು. ತಮ್ಮ ಹೆಸರು ನಮೂದಿಸದೆ ಆ ತಟ್ಟೆಯನ್ನು ಮಾರಕೂಡದೆಂಬ ಆದೇಶವನ್ನೂ 2003ರಲ್ಲಿ ಪಡೆದರು. ಅಂದು ಅವರು ಮಾಡಿದ್ದು ನೂರಕ್ಕೆ ನೂರು ಸರಿ. ಆದರೆ ನ್ಯಾಯ ಒಂದೇ ತಕ್ಕಡಿಯದ್ದು. ಲಾಸ್ ಏಂಜಲೀಸಿನಲ್ಲಿ ಬಪ್ಪಿಯ ಹೆಸರು ಹೇಳಬೇಕಾದರೆ, ಮುಂಬಯಿಯಲ್ಲಿ ಒಟ್ಟಾವನ್ ಹೆಸರನ್ನೂ ಹೇಳಬೇಕಾಗುತ್ತದೆ. ಮೂರನೆಯ ಬಟ್ಟಿನಲ್ಲಿ ಬಪ್ಪಿ ಸೋತರೆಂದು ಬರೆಯಲು ನಮಗೆ ಸಂಕೋಚವಿಲ್ಲ. ಆ ಬಟ್ಟನ್ನು ಅವರೇ ನಮ್ಮ ಕೈಗೆ ಕೊಟ್ಟಿದ್ದಾರೆ.

ಸಾಲ ಪಡೆದದ್ದು ತಪ್ಪಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ರಾಗಗಳಿಗೆ ಗಡಿಯಿಲ್ಲ. ಬಪ್ಪಿ ಸತ್ತ ವರ್ಷವೇ, 2022ರ ಅಕ್ಟೋಬರಿನಲ್ಲಿ, ಚೀನದಲ್ಲಿ ಕೋವಿಡ್ ಕಾರಣದಿಂದ ಮನೆಗಳಲ್ಲಿ ಬಂದಿಗಳಾಗಿದ್ದ ಜನ ಖಾಲಿ ಪಾತ್ರೆಗಳನ್ನು ಎತ್ತಿ ತೋರಿಸುತ್ತ ‘ಜಿಮ್ಮಿ ಜಿಮ್ಮಿ’ಯ ರಾಗದಲ್ಲಿ ಹಾಡಿದರು. ಅವರ ಭಾಷೆಯಲ್ಲಿ ‘ಜಿಯೆ ಮಿ’ ಎಂದರೆ ಅಕ್ಕಿ ಕಡ ಕೊಡಿ ಎಂದು. ಫ್ರಾನ್ಸಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಮಾತು ಬದಲಿಸಿ, ಮಾಸ್ಕೋದಲ್ಲಿ ಕುಣಿಸಿದ ಹಾಡು ನಲವತ್ತು ವರ್ಷಗಳ ಮೇಲೆ ಹಸಿದವರ ಬಾಯಲ್ಲಿ ಪರಿಹಾಸ್ಯದ ದೂರಾಯಿತು. ಬಪ್ಪಿ ಆ ರಾಗವನ್ನು ಎತ್ತಿಕೊಳ್ಳದಿದ್ದರೆ ಅದು ಅಷ್ಟು ದೂರ ಹೋಗುತ್ತಿರಲಿಲ್ಲ. ಎತ್ತಿಕೊಂಡದ್ದು ಅವರ ಪುಣ್ಯ, ಹೇಳದಿದ್ದದ್ದು ಅವರ ಋಣ.

ಇದೇ ನಗರದ ಇನ್ನೊಬ್ಬರನ್ನು ಪಕ್ಕದಲ್ಲಿಟ್ಟು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ‘ಡಿಸ್ಕೋ ಡಾನ್ಸರ್’ ಹೊರಬಂದ ಕಾಲದಲ್ಲೇ, 1982ರಲ್ಲಿ, ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಹೊಸ ವಿದ್ಯುನ್ಮಾನ ವಾದ್ಯಗಳ ಮೇಲೆ ಹತ್ತು ಹಿಂದುಸ್ತಾನಿ ರಾಗಗಳನ್ನು ಡಿಸ್ಕೋ ಲಯಕ್ಕೆ ಕೂಡಿಸಿ ಒಂದು ತಟ್ಟೆ ಹೊರತಂದರು. ಯಾರೂ ಕೇಳಲಿಲ್ಲ. 2002ರಲ್ಲಿ ಡಚ್ ಸಂಗ್ರಾಹಕರೊಬ್ಬರಿಗೆ ದಿಲ್ಲಿಯ ಅಂಗಡಿಯಲ್ಲಿ ಅದು ಸಿಕ್ಕಿ, 2010ರಲ್ಲಿ ಮರುಮುದ್ರಣವಾದ ಮೇಲೆ, ಮುಂದೆ ಅಮೆರಿಕದಲ್ಲಿ ಹೆಸರಾದ ‘ಆಸಿಡ್ ಹೌಸ್’ ಸಂಗೀತದ ಧ್ವನಿ ಅದರಲ್ಲಿ ಐದಾರು ವರ್ಷ ಮುಂಚೆಯೇ ಇತ್ತಲ್ಲ ಎಂದು ಯೂರೋಪಿನವರು ಬೆರಗಾದರು. ಚರಣ್‌ಜಿತ್ 2015ರ ಜುಲೈನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಒಬ್ಬರು ಇತರರ ರಾಗ ಪಡೆದು ದೊರೆಯಾದರು. ಇನ್ನೊಬ್ಬರು ಸ್ವಂತದ್ದನ್ನು ಕೊಟ್ಟು ಅಜ್ಞಾತರಾದರು. ಕಾರಣ ಪ್ರತಿಭೆಯದು ಮಾತ್ರವಲ್ಲ. ಒಬ್ಬರ ಹಿಂದೆ ಸಿನಿಮಾ ಇತ್ತು, ಇನ್ನೊಬ್ಬರ ಹಿಂದೆ ಇರಲಿಲ್ಲ.

ಈ ವಿಚಾರ ನಮ್ಮ ಸಂಘದ ಪತ್ರಿಕೆಯಲ್ಲೇಕೆ ಎಂದು ವಾಚಕರು ಕೇಳಬಹುದು. ನಮ್ಮಂತಹ ಸಂಘಗಳ ವಾರ್ಷಿಕೋತ್ಸವ, ರಾಜ್ಯೋತ್ಸವಗಳಲ್ಲಿ ಡಿಜೆ ಬೇಕೆ ಬೇಡವೆ ಎಂಬ ಜಗಳ ಈಗ ಮಾಮೂಲು. ಹಿರಿಯರಿಗೆ ಭಾವಗೀತೆ ಬೇಕು, ಮಕ್ಕಳಿಗೆ ರಿಮಿಕ್ಸ್ ಬೇಕು. ಮಕ್ಕಳು ಬರದಿದ್ದರೆ ಮುಂದಿನ ಹತ್ತು ವರ್ಷಕ್ಕೆ ಸಂಘವೇ ಇರುವುದಿಲ್ಲ. ಡಿಜೆ ಬಂದರೆ ಸಂಘವಿದ್ದೂ ಕನ್ನಡವಿರುವುದಿಲ್ಲ ಎಂಬ ಭಯ ಹಿರಿಯರದು. ಎರಡೂ ಭಯಗಳು ಸುಳ್ಳಲ್ಲ.

ನಮ್ಮ ಅಭಿಪ್ರಾಯದಲ್ಲಿ ಜಗಳ ತಪ್ಪು ಜಾಗದಲ್ಲಿ ನಡೆಯುತ್ತಿದೆ. ಸದ್ದಿನ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರವಿದೆ. 2000ದ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆಂಬುದನ್ನು ಮಕ್ಕಳಿಗೆ ಒಮ್ಮೆ ಬಿಡಿಸಿ ಹೇಳಿದರೆ ಅರ್ಥಮಾಡಿಕೊಳ್ಳುತ್ತಾರೆ. ಉಳಿಯುವುದು ಸಂಸ್ಕೃತಿಯ ಪ್ರಶ್ನೆ. ಅಲ್ಲಿ ಹಿರಿಯರ ಭಾವಗೀತೆಯೂ ಮಕ್ಕಳ ರಿಮಿಕ್ಸೂ ಒಂದೇ ದೋಷಕ್ಕೆ ಸಿಕ್ಕಿವೆ. ಎಷ್ಟು ಸಭೆಗಳಲ್ಲಿ ಭಾವಗೀತೆ ಹಾಡುವವರು ಕವಿಯ ಹೆಸರು ಹೇಳುತ್ತಾರೆ? ರಾಗ ಸಂಯೋಜಿಸಿದವರ ಹೆಸರಂತೂ ದೂರದ ಮಾತು. ಮಕ್ಕಳ ನೃತ್ಯಕ್ಕೆ ಹಾಡು ಕತ್ತರಿಸಿ ಜೋಡಿಸಿಕೊಟ್ಟ ಹುಡುಗನಿಗೆ ಹೂವಿಲ್ಲ, ಮೈಕಿನಲ್ಲಿ ಒಂದು ಮಾತಿಲ್ಲ. ಹೀಗಿರುವಾಗ ಬಪ್ಪಿಯನ್ನು ಮಾತ್ರ ಕಳ್ಳನೆಂದು ಬೆರಳು ತೋರಿಸುವ ಹಕ್ಕು ಯಾರಿಗಿದೆ?

ಸರಕಾರಿ ಕಛೇರಿಯ ಕೆಲಸಕ್ಕೆ ಜನ ಇಡುವ ಹೆಸರುಗಳು ಹಲವು, ಒಳ್ಳೆಯವು ಕೆಲವು. ಆದರೆ ಒಂದು ಶಿಸ್ತು ಅಲ್ಲಿದೆ. ಟಿಪ್ಪಣಿ ಹಾಳೆಯ ಮೇಲೆ ಯಾರು ಏನು ಬರೆದರೋ ಅವರ ಸಹಿ, ತಾರೀಖು ಇರಲೇಬೇಕು. ಕೆಳಗಿನ ಗುಮಾಸ್ತ ಬರೆದ ಒಳ್ಳೆಯ ವಾಕ್ಯವನ್ನು ಮೇಲಿನವರು ಎತ್ತಿ ಬಳಸಿದರೂ, ಹಿಂದಿನ ಪುಟ ತಿರುವಿದರೆ ಅದು ಯಾರದೆಂದು ಗೊತ್ತಾಗುತ್ತದೆ. ಹಾಡಿಗೂ ಇಂತಹ ಟಿಪ್ಪಣಿ ಹಾಳೆ ಬೇಕು ಎಂಬುದಷ್ಟೇ ನಮ್ಮ ವಾದ. ಹೆಸರು ಕಳೆದುಕೊಂಡು ‘ಮದ್ರಾಸಿ’ ಎನಿಸಿಕೊಳ್ಳುವುದು ಹೇಗಿರುತ್ತದೆಂದು ಬಲ್ಲ ಸಮಾಜ ನಮ್ಮದು. ಇತರರ ಹೆಸರು ಹೇಳುವುದರಲ್ಲಿ ಅದು ಎಲ್ಲರಿಗಿಂತ ಮುಂದಿರಬೇಕಾಗಿತ್ತು.

ಮುಂದಿನ ಕಾರ್ಯಕ್ರಮದ ವ್ಯವಸ್ಥಾಪಕರಲ್ಲಿ ನಮ್ಮದೊಂದು ಸಣ್ಣ ವಿನಂತಿ. ಮಕ್ಕಳು ಯಾವ ಹಾಡಿಗೆ ಬೇಕಾದರೂ ಕುಣಿಯಲಿ. ಆದರೆ ಕುಣಿಯುವ ಮೊದಲು ಅವರಲ್ಲೊಬ್ಬರು ಮೈಕಿನ ಮುಂದೆ ಬಂದು ಹಾಡು ಬರೆದವರು ಯಾರು, ರಾಗ ಯಾರದು, ಎಲ್ಲಿಂದ ಬಂತು, ಇಂದು ಜೋಡಿಸಿದವರು ಯಾರು ಎಂದು ಕನ್ನಡದಲ್ಲಿ ನಾಲ್ಕು ವಾಕ್ಯ ಹೇಳಲಿ. ಹುಡುಕಲು ಅವರಿಗೆ ಹತ್ತು ನಿಮಿಷ ಸಾಕು, ಮೊಬೈಲು ಕೈಯಲ್ಲೇ ಇದೆ. ಬಪ್ಪಿಯ ಹಾಡಿಗೆ ಕುಣಿದರೆ ಬಪ್ಪಿಯ ಹೆಸರನ್ನೂ ಅವರು ಹೇಳದೆ ಬಿಟ್ಟ ಹೆಸರನ್ನೂ ಹೇಳಲಿ. ಆಗ ಆ ನಾಲ್ಕು ವಾಕ್ಯದ ಕನ್ನಡವೂ ಉಳಿದೀತು, ಡಿಜೆ ಎಂಬ ಮಾತಿಗೆ ಮನುಷ್ಯನ ಅರ್ಥವೂ ಮರಳಿ ಬಂದೀತು.